ಪೆಡಲ್ ಸ್ಟೀಲ್ ಗಿಟಾರಿನ ಶ್ರುತಿವ್ಯವಸ್ಥೆಗಳು: ಒಂದು ಆಯ್ಕೆಯ ವಿಮರ್ಶೆ

ಪೆಡಲ್ ಸ್ಟೀಲ್ ಗಿಟಾರನ್ನು ಕಲಿಯಹೊರಟವರಿಗೆ ಮೊಟ್ಟಮೊದಲು ಎದುರಾಗುವ ಪ್ರಶ್ನೆ, ಅದರ ಹತ್ತು ತಂತಿಗಳನ್ನು ಯಾವ ಕ್ರಮದಲ್ಲಿ ಶ್ರುತಿಗೂಡಿಸಬೇಕೆಂಬುದು. ವೀಣೆಯನ್ನೋ ಪಿಟೀಲನ್ನೋ ಹಿಡಿದವರಿಗೆ ಈ ಚಿಂತೆಯಿಲ್ಲ. ಗುರುವಿನಿಂದ ಶಿಷ್ಯನಿಗೆ ಬಂದ ಕ್ರಮವೊಂದಿದೆ, ಅದರಂತೆ ನಡೆದರಾಯಿತು. ಅಮೆರಿಕದಲ್ಲಿ ರೂಪುಗೊಂಡ ಈ ವಾದ್ಯಕ್ಕಾದರೋ ‘ಇ-೯’ ಮತ್ತು ‘ಸಿ-೬’ ಎಂಬ ಎರಡು ಪ್ರಬಲ ವ್ಯವಸ್ಥೆಗಳೂ, ಅವೆರಡನ್ನೂ ಒಂದೇ ದಂಡಿಯಲ್ಲಿ ಅಡಗಿಸಲು ಹೊರಟ ‘ಸಾರ್ವತ್ರಿಕ’ವೆಂಬ ಮೂರನೆಯದೊಂದೂ ಉಂಟು. ಯಾವುದನ್ನು ಆರಿಸಬೇಕೆಂದರೆ ಕೈಪಿಡಿಗಳು ಕೊಡುವ ಉತ್ತರ ಬಲು ಚಿಕ್ಕದು: ‘ಕಂಟ್ರಿ’ ಸಂಗೀತಕ್ಕೆ ಇ-೯, ಜಾಸ್ ಸಂಗೀತಕ್ಕೆ ಸಿ-೬. ಈ ಉತ್ತರ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ ಅದು ಕಾರ್ಯವನ್ನು ಕಾರಣದ ಪೀಠದ ಮೇಲೆ ಕೂರಿಸಿದ ಉತ್ತರವಾಗಿದೆ. ಪ್ರಕೃತ ಲೇಖನದಲ್ಲಿ ಈ ಆಕ್ಷೇಪಣೆಯನ್ನೇ ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇವೆ.

ಇತಿಹಾಸದ ಅಧ್ಯಾಪಕರಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಾವು ಈ ವಾದ್ಯದ ವಾದಕರಲ್ಲ; ಆರು ತಂತಿಯ ಹವಾಯಿ ಗಿಟಾರನ್ನು ಕೆಲವು ವರ್ಷ ಅಭ್ಯಾಸಮಾಡಿದ್ದುಂಟು, ಅಷ್ಟೆ. ಕಲೆಗಳಲ್ಲಿ ಒಂದು ರೂಢಿ ಹೇಗೆ ನೆಲೆಗೊಳ್ಳುತ್ತದೆಂಬ ವಿಷಯವಾಗಿ ತರಗತಿಯಲ್ಲಿ ಮಾತನಾಡುತ್ತ, ನಾವು ಈ ವಾದ್ಯವನ್ನು ಉದಾಹರಣೆಯಾಗಿ ಎತ್ತಿಕೊಂಡು, ವಾದ್ಯ ತಯಾರಿಸುವವರು ಯಾವ ಶ್ರುತಿಯಲ್ಲಿ ಮಾರುತ್ತಾರೋ ಅದೇ ರೂಢಿಯಾಗುತ್ತದೆಂದು ಹೇಳಿಬಿಟ್ಟೆವು. ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಪೆಡಲು ಒತ್ತಿದರೆ ತಂತಿಯ ಸ್ವರವೇ ಬದಲಾಗುವುದಾದರೆ ಶ್ರುತಿವ್ಯವಸ್ಥೆ ಎರಡೇಕೆ ಇರಬೇಕು, ಒಂದರಿಂದಲೇ ಇನ್ನೊಂದನ್ನು ಪಡೆಯಬಹುದಲ್ಲವೇ ಎಂದು ಕೇಳಿದನು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಧ್ವನಿಮುದ್ರಿಕೆಗಳನ್ನು ಕೇಳಿ, ತಂತಿಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಎಣಿಸಿ ನೋಡಿದ ಮೇಲೆ, ತರಗತಿಯಲ್ಲಿ ನಾವು ಹೇಳಿದ್ದು ಅರ್ಧ ಸತ್ಯವೆಂದು ಮನವರಿಕೆಯಾಯಿತು.

ಮೊದಲು ತೊಡಕಿನ ಮೂಲವನ್ನು ತಿಳಿಯಬೇಕು. ಹವಾಯಿಯ ಜೋಸೆಫ್ ಕೆಕುಕು (೧೮೭೪–೧೯೩೨) ಗಿಟಾರಿನ ತಂತಿಗಳ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸಿ ನುಡಿಸುವ ಕ್ರಮವನ್ನು ಬಳಕೆಗೆ ತಂದನೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಸಲಾಕೆ ನೇರವಾದ ವಸ್ತು. ಬೆರಳುಗಳಂತೆ ಅದು ಒಂದು ತಂತಿಯನ್ನು ಒಂದು ಮೆಟ್ಟಿಲಿನಲ್ಲಿಯೂ ಪಕ್ಕದ ತಂತಿಯನ್ನು ಮತ್ತೊಂದರಲ್ಲಿಯೂ ಒತ್ತಲಾರದು. ಆದ್ದರಿಂದ ತೆರೆದ ತಂತಿಗಳಲ್ಲಿ ಯಾವ ಸ್ವರಸಂಬಂಧವಿದೆಯೋ ಅದೇ ಸಂಬಂಧ ದಂಡಿಯ ಉದ್ದಕ್ಕೂ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ‘ಮೇಜರ್’ ಸ್ವರಗುಚ್ಛಕ್ಕೆ ಶ್ರುತಿಗೂಡಿಸಿದ ಗಿಟಾರು ಹನ್ನೆರಡು ಮೆಟ್ಟಿಲುಗಳಲ್ಲಿಯೂ ಮೇಜರ್ ಗುಚ್ಛವನ್ನೇ ಕೊಡುತ್ತದೆ. ‘ಮೈನರ್’ ಬೇಕಾದರೆ ಕೈಬರಿದು. ನಮ್ಮ ಗೋಟುವಾದ್ಯವೂ ಜಾರಿಸಿ ನುಡಿಸುವ ವಾದ್ಯವೇ ಆದರೂ ಅದಕ್ಕೆ ಈ ಕಷ್ಟವಿಲ್ಲ. ಅಲ್ಲಿ ಷಡ್ಜ ಪಂಚಮಗಳು ಸ್ಥಿರವಾಗಿದ್ದು ರಾಗವೆಲ್ಲ ಒಂದು ತಂತಿಯ ಮೇಲಿನ ಸಂಚಾರದಿಂದಲೇ ಸಿದ್ಧಿಸುತ್ತದೆ. ಬ್ರಿಜ್ ಭೂಷಣ್ ಕಾಬ್ರಾ (೧೯೩೭–೨೦೧೮) ಅವರು ಹವಾಯಿ ಗಿಟಾರನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದಾಗಲೂ ದಾರಿ ಅದೇ ಆಯಿತು. ಹಲವು ಸ್ವರಗಳನ್ನು ಒಮ್ಮೆಗೇ ನುಡಿಸಿ ಗುಚ್ಛದಿಂದ ಗುಚ್ಛಕ್ಕೆ ಸಾಗುವ ಸಂಗೀತದಲ್ಲಿ ಮಾತ್ರ ನೇರ ಸಲಾಕೆಯೊಂದು ಸಂಕೋಲೆಯಾಗುತ್ತದೆ.

ಈ ಸಂಕೋಲೆಯನ್ನು ಸಡಿಲಿಸಲು ವಾದಕರು ಸುಮಾರು ಅರ್ಧ ಶತಮಾನ ಪ್ರಯತ್ನಿಸಿದರು. ಸಲಾಕೆಯನ್ನು ಓರೆಯಾಗಿ ಹಿಡಿಯುವುದು ಒಂದು ಉಪಾಯ; ಎರಡು ಮೂರು ತಂತಿಗಳಿಗೆ ಅದು ಸಾಲುತ್ತದೆ, ಅದಕ್ಕೆ ಮೀರಿ ಸಾಗದು. ಶ್ರುತಿಯನ್ನೇ ಜಾಣತನದಿಂದ ಆರಿಸುವುದು ಇನ್ನೊಂದು. ೧೯೩೦ರ ದಶಕದಲ್ಲಿ ಸೋಲ್ ಹೂಪಿ ‘ಸಿ ಶಾರ್ಪ್ ಮೈನರ್’ ಶ್ರುತಿಯನ್ನು ಬಳಕೆಗೆ ತಂದನು. ಸಿ-೬ ಶ್ರುತಿಯ ಪ್ರಚಾರವನ್ನು ಸಾಮಾನ್ಯವಾಗಿ ಜೆರಿ ಬರ್ಡ್‌ನ ಹೆಸರಿನೊಡನೆ ಸೇರಿಸುತ್ತಾರೆ. ಸಿ-೬ರ ಗುಟ್ಟು ಸರಳವಾದುದು. ಸಿ, ಇ, ಜಿ, ಎ ಎಂಬ ನಾಲ್ಕು ಸ್ವರಗಳಲ್ಲಿ ಮೊದಲಿನ ಮೂರು ಸೇರಿದರೆ ಸಿ ಮೇಜರ್. ಎ, ಸಿ, ಇ ಸೇರಿದರೆ ಎ ಮೈನರ್. ಸಲಾಕೆ ಕದಲದೆ, ಬಲಗೈ ಬೆರಳು ಬೇರೆ ತಂತಿಗಳನ್ನು ಮೀಟಿದ ಮಾತ್ರಕ್ಕೆ ಮೇಜರೂ ಮೈನರೂ ದೊರೆಯುತ್ತವೆ. ಇಷ್ಟಾದರೂ ಸಾಲದವರು ಒಂದೇ ವಾದ್ಯಕ್ಕೆ ಎರಡು, ಮೂರು, ನಾಲ್ಕು ದಂಡಿಗಳನ್ನು ಜೋಡಿಸಿ, ಒಂದೊಂದನ್ನು ಒಂದೊಂದು ಶ್ರುತಿಯಲ್ಲಿಟ್ಟುಕೊಂಡು, ಹಾಡಿನ ನಡುವೆ ಒಂದರಿಂದೊಂದಕ್ಕೆ ಕೈ ನೆಗೆಸುತ್ತಿದ್ದರು. ಫೆಂಡರ್ ಸಂಸ್ಥೆಯ ‘ಸ್ಟ್ರಿಂಗ್‌ಮಾಸ್ಟರ್’ ಈ ಬಗೆಯ ವಾದ್ಯ.

ಪೆಡಲು ಬಂದುದು ಈ ದಂಡಿಗಳ ಸಂತೆಯನ್ನು ತಗ್ಗಿಸಲಿಕ್ಕಾಗಿ. ೧೯೪೦ರ ಸುಮಾರಿಗೆ ಗಿಬ್ಸನ್ ಸಂಸ್ಥೆ ಹೊರತಂದ ‘ಎಲೆಕ್ಟ್ರಾಹಾರ್ಪ್’ನಲ್ಲಿ ಪೆಡಲನ್ನು ಒತ್ತಿದರೆ ಶ್ರುತಿ ಬದಲಾಗುತ್ತಿತ್ತು. ಬಹುಮಟ್ಟಿಗೆ ಅದು ಮೌನದಲ್ಲಿ ಮಾಡುವ ಕೆಲಸವಾಗಿತ್ತು. ಒತ್ತು, ಆಮೇಲೆ ಮೀಟು. ಶ್ರುತಿ ಎಂಬುದು ಒಂದು ಸ್ಥಿತಿ, ಪೆಡಲು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟುವ ಬಾಗಿಲು ಎಂಬುದೇ ಅದರ ಹಿಂದಿದ್ದ ಭಾವನೆ. ಈ ಭಾವನೆಯನ್ನು ನಾವು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ, ಏಕೆಂದರೆ ಮುಂದಿನ ಬದಲಾವಣೆ ನಡೆದುದು ಇಲ್ಲಿಯೇ.

೧೯೫೪ರಲ್ಲಿ ವೆಬ್ ಪಿಯರ್ಸ್‌ನ ‘ಸ್ಲೋಲಿ’ ಎಂಬ ಹಾಡಿನ ಮುದ್ರಿಕೆ ಹೊರಬಂದಿತು. ಅದರಲ್ಲಿ ಬಡ್ ಐಸಾಕ್ಸ್ ಎಂಬ ವಾದಕನು, ಪಾಲ್ ಬಿಗ್ಸ್‌ಬಿ ತನಗಾಗಿ ಮಾಡಿಕೊಟ್ಟ ವಾದ್ಯದಲ್ಲಿ, ತಂತಿಗಳು ಇನ್ನೂ ಮಿಡಿಯುತ್ತಿರುವಾಗಲೇ ಪೆಡಲನ್ನು ಒತ್ತಿದನು. ಜಿ ಶಾರ್ಪ್ ಎ ಆಯಿತು, ಬಿ ಸಿ ಶಾರ್ಪ್ ಆಯಿತು. ಇ ತಂತಿ ಮಾತ್ರ ನಿಂತಲ್ಲಿಯೇ ನಿಂತಿತು. ಇ ಮೇಜರ್ ಗುಚ್ಛವು ಶ್ರೋತೃವಿನ ಕಿವಿಯ ಮುಂದೆಯೇ ಕರಗಿ ಎ ಮೇಜರ್ ಗುಚ್ಛವಾಯಿತು. ಸಲಾಕೆಯನ್ನು ಜಾರಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಏರುತ್ತವೆ. ಇಲ್ಲಿ ಒಂದು ನಿಂತು ಎರಡು ಏರಿದುವು. ಗಿಟಾರಿನಲ್ಲಿ ಜನ ಅದುವರೆಗೆ ಕೇಳದಿದ್ದ ಸದ್ದು ಅದು. ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಮಿಕ್ಕ ವಾದಕರೆಲ್ಲ ಪೆಡಲಿನ ಬೆನ್ನುಹತ್ತಿದರು.

ಐಸಾಕ್ಸ್ ಹೊಸ ಶ್ರುತಿಯೊಂದನ್ನು ಕಂಡುಹಿಡಿದನೆಂದು ಹೇಳುವುದಕ್ಕಿಂತ, ಶ್ರುತಿ ಬದಲಾಗುವ ಕ್ರಿಯೆಯನ್ನೇ ಸಂಗೀತವನ್ನಾಗಿ ಮಾಡಿದನೆಂದು ಹೇಳುವುದು ಹೆಚ್ಚು ಸರಿ. ಇ-೯ರ ಮುಂದಿನ ಚರಿತ್ರೆಯೆಲ್ಲ ಈ ಒಂದು ಗಳಿಗೆಯ ವ್ಯಾಖ್ಯಾನದಂತಿದೆ. ಅದೇ ದಶಕದ ಉತ್ತರಾರ್ಧದಲ್ಲಿ ಬಡಿ ಎಮನ್ಸ್ (೧೯೩೭–೨೦೧೫) ಐಸಾಕ್ಸನ ಒಂದು ಪೆಡಲಿನ ಕೆಲಸವನ್ನು ಎರಡು ಪೆಡಲುಗಳಿಗೆ ಹಂಚಿದನು. ಬಿ ತಂತಿಯನ್ನು ಮಾತ್ರ ಏರಿಸಿದರೆ ಸಿ ಶಾರ್ಪ್ ಮೈನರ್ ದೊರೆಯುತ್ತದೆ; ಎರಡನ್ನೂ ಒಂದೇ ಪಾದದಿಂದ ಓಲಾಡಿಸಿ ಒತ್ತಿದರೆ ಸ್ವರಗಳು ಒಂದರ ಹಿಂದೊಂದು ಏರಿಳಿಯುತ್ತವೆ. ೧೯೬೦ರ ದಶಕದ ಆರಂಭದಲ್ಲಿ ಅವನೇ ಮೇಲ್ಭಾಗಕ್ಕೆ ಎಫ್ ಶಾರ್ಪ್ ಮತ್ತು ಡಿ ಶಾರ್ಪ್ ತಂತಿಗಳನ್ನು ಸೇರಿಸಿದನು. ವಾದಕನಿಂದ ಅತಿ ದೂರದಲ್ಲಿರುವ ಈ ಎರಡು ತಂತಿಗಳು ಮೂರನೆಯದಾದ ಜಿ ಶಾರ್ಪ್‌ಗಿಂತ ಕೆಳಗಿನ ಸ್ವರದವು! ಏಣಿಯ ತುದಿಯಲ್ಲಿ ಎರಡು ಮೆಟ್ಟಿಲುಗಳನ್ನು ಕೆಳಮುಖವಾಗಿ ಕಟ್ಟಿದಂತಿರುವ ಈ ಜೋಡಣೆ ಹೊಸಬರನ್ನು ಕಂಗೆಡಿಸುವುದು ಸಹಜ. ಆದರೆ ಪೆಡಲು ಒತ್ತದೆಯೇ ಸ್ವರಾವಳಿಯನ್ನು ಬಿಡಿಬಿಡಿಯಾಗಿ ನುಡಿಸಲು ಬೇಕಾದ ನೆರೆಯ ಸ್ವರಗಳು ಇದರಿಂದಲೇ ದೊರೆತುವು.

ಈಗ ಎರಡು ಪಟ್ಟಿಗಳನ್ನು ಎದುರುಬದುರಾಗಿಟ್ಟು ನೋಡೋಣ. ಮೇಲಿನಿಂದ ಕೆಳಕ್ಕೆ ಇ-೯: ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಸಿ-೬: ಜಿ, ಇ, ಸಿ, ಎ, ಜಿ, ಇ, ಸಿ, ಎ, ಎಫ್, ಸಿ. ತಾರದ ತುದಿಯಲ್ಲಿ ಎರಡಕ್ಕೂ ಒಂದು ಅರ್ಧಸ್ವರದ ಅಂತರ ಮಾತ್ರ. ಮಂದ್ರದಲ್ಲಾದರೋ ಸಿ-೬ರ ಕೊನೆಯ ತಂತಿ ಇ-೯ರ ಕೊನೆಯ ತಂತಿಗಿಂತ ಹನ್ನೊಂದು ಅರ್ಧಸ್ವರ ಕೆಳಗಿದೆ. ಇ-೯ರ ಹತ್ತು ತಂತಿಗಳು ೨೧ ಅರ್ಧಸ್ವರಗಳ, ಎಂದರೆ ಎರಡು ಸ್ಥಾಯಿಗಳಿಗೂ ಕಡಮೆಯಾದ ಹರವಿನಲ್ಲಿ ಒತ್ತಾಗಿ ಕುಳಿತಿವೆ. ಸಿ-೬ರ ಹತ್ತು ತಂತಿಗಳು ೩೧ ಅರ್ಧಸ್ವರಗಳಲ್ಲಿ ಹರಡಿವೆ. ಒಂದು ಕಿರಿದಾದ ಓಣಿ, ಜನ ಭುಜಕ್ಕೆ ಭುಜ ತಾಗಿ ನಿಂತಿದ್ದಾರೆ, ಒಬ್ಬನು ಸರಿದರೆ ಪಕ್ಕದವನಿಗೆ ತಿಳಿಯುತ್ತದೆ. ಇನ್ನೊಂದು ವಿಶಾಲವಾದ ಹಜಾರ. ಇ-೯ರಲ್ಲಿ ಪೆಡಲಿನ ಚಲನೆ ಎದ್ದು ಕೇಳುವುದು ಈ ಇಕ್ಕಟ್ಟಿನಿಂದಲೇ. ಸಿ-೬ರಲ್ಲಿ ಪೆಡಲು ಗುಚ್ಛದ ಬಣ್ಣವನ್ನು ಬದಲಿಸುತ್ತದೆ. ಉದಾಹರಣೆಗೆ ಎ ತಂತಿಗಳೆರಡನ್ನೂ ಬಿಗೆ ಏರಿಸಿದರೆ ಷಷ್ಠಗುಚ್ಛ ಸಪ್ತಮಗುಚ್ಛವಾಗುತ್ತದೆ. ಕೇಳುಗನ ಕಿವಿಗೆ ಬೀಳುವುದು ಹೊಸ ಗುಚ್ಛ. ಅದು ಬಂದ ದಾರಿ ಅಷ್ಟಾಗಿ ಬೀಳುವುದಿಲ್ಲ. ಪೆಡಲು ಎಂದರೆ ಬಾಗಿಲು ಎಂಬ ಹಳೆಯ ಭಾವನೆ ಸಿ-೬ರಲ್ಲಿ ಇನ್ನೂ ಜೀವಂತವಾಗಿದೆ.

ಎಮನ್ಸನ ಕೃತಿಗಳೇ ಇದಕ್ಕೆ ಸಾಕ್ಷಿ. ೧೯೬೩ರಲ್ಲಿ ಹೊರಬಂದ ‘ಸ್ಟೀಲ್ ಗಿಟಾರ್ ಜಾಸ್’ ಎಂಬ ಮುದ್ರಿಕೆಯಲ್ಲಿ ಅವನು ಜೆರೋಮ್ ರಿಚರ್ಡ್‌ಸನ್, ಆರ್ಟ್ ಡೇವಿಸ್ ಮೊದಲಾದ ಜಾಸ್ ಕಲಾವಿದರೊಡನೆ ಕುಳಿತು, ಸಾನಿ ರೋಲಿನ್ಸ್, ಹೊರೇಸ್ ಸಿಲ್ವರ್ ಅವರ ರಚನೆಗಳನ್ನು ನುಡಿಸಿದ್ದಾನೆ. ಅದನ್ನು ಮೊದಲ ಬಾರಿಗೆ ಕೇಳಿದಾಗ ನಮಗೆ ಸ್ವಲ್ಪ ನಿರಾಶೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ‘ಅಳುವ’ ಗಿಟಾರನ್ನು ನಿರೀಕ್ಷಿಸಿ ಕುಳಿತಿದ್ದ ನಮಗೆ ಕೊಂಬುವಾದ್ಯದಂತೆ ನೇರವಾಗಿ ಮಾತನಾಡುವ ಗಿಟಾರು ಕೇಳಿಸಿತು. ಮತ್ತೆ ಮತ್ತೆ ಕೇಳಿದ ಮೇಲೆ ಅದರ ಹಿರಿಮೆ ತಿಳಿಯಿತು. ಅದೇ ಮನುಷ್ಯ, ಅದೇ ಎರಡು ಕೈ, ಎರಡು ಪಾದ. ಶ್ರುತಿ ಬದಲಾದರೆ ಆಲೋಚನೆಯ ರೀತಿಯೇ ಬದಲಾಗುತ್ತದೆ. ಕರ್ಲಿ ಚಾಕರ್‌ನ (೧೯೩೧–೧೯೯೮) ಸಿ-೬ ವಾದನದಲ್ಲಿ ದಟ್ಟವಾದ ಗುಚ್ಛಗಳು ಒಂದರ ಮೇಲೊಂದು ಬರುವುದನ್ನು ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ‘ಕಂಟ್ರಿಗೆ ಇ-೯’ ಎಂಬ ಸೂತ್ರದಲ್ಲಿ ಮೊದಲು ಬಂದುದು ಯಾವುದು? ಕಂಟ್ರಿ ಸಂಗೀತವು ತನ್ನ ಸ್ವಭಾವಕ್ಕೆ ಒಪ್ಪುವ ಶ್ರುತಿಯೊಂದನ್ನು ಹುಡುಕಿ ಆರಿಸಿಕೊಂಡಿತೆ? ೧೯೫೪ಕ್ಕೆ ಮುಂಚಿನ ಕಂಟ್ರಿ ಮುದ್ರಿಕೆಗಳಲ್ಲಿ ಪೆಡಲಿಲ್ಲದ ಷಷ್ಠಶ್ರುತಿಗಳು ಧಾರಾಳವಾಗಿ ಬಳಕೆಯಲ್ಲಿದ್ದುವು. ಸಿ-೬ರ ಪ್ರವರ್ತಕನಾದ ಬರ್ಡ್ ಅದೇ ಸಂಗೀತದ ಮನ್ನಣೆ ಪಡೆದ ವಾದಕ. ಒಂದು ಹಾಡಿನ ಜನಪ್ರಿಯತೆಯಿಂದ ಒಂದು ಸದ್ದು ಆ ಸಂಗೀತದ ಗುರುತಾಯಿತು. ಗುರುತಾದ ಮೇಲೆ ಅದು ಅದರ ಸ್ವಭಾವವೆಂದು ಜನ ನಂಬಿದರು. ನ್ಯಾಶ್‌ವಿಲ್ಲಿನ ಧ್ವನಿಮುದ್ರಣಾಲಯಗಳಲ್ಲಿ ಮೂರು ಗಂಟೆಗಳ ಒಂದೊಂದು ಅವಧಿಯಲ್ಲಿ ಹಲವು ಹಾಡುಗಳನ್ನು ಮುಗಿಸಬೇಕು. ಅಲ್ಲಿ ವಾದಕನಿಂದ ಕೇಳುತ್ತಿದ್ದುದು ಆ ಗುರುತನ್ನೇ. ಲಾಯ್ಡ್ ಗ್ರೀನ್ ಎಂಬ ಹೆಸರಾಂತ ವಾದಕನು ಜೋಡಿ ದಂಡಿಯ ವಾದ್ಯದಿಂದ ಸಿ-೬ ದಂಡಿಯನ್ನು ತೆಗೆಸಿ, ಆ ಜಾಗದಲ್ಲಿ ಮೊಣಕೈ ಊರಲು ಮೆತ್ತೆಯನ್ನು ಹಾಕಿಸಿಕೊಂಡನು. ಷೋ-ಬಡ್ ಸಂಸ್ಥೆ ೧೯೭೦ರ ದಶಕದಲ್ಲಿ ಅವನ ಹೆಸರಿನ ಅಕ್ಷರಗಳನ್ನೇ ಇಟ್ಟು ಅಂಥ ಮಾದರಿಯನ್ನು ಮಾರಾಟಕ್ಕೆ ತಂದಿತು. ಒಂದು ಶ್ರುತಿವ್ಯವಸ್ಥೆ ದಿಂಬಾಗಿ ಪರಿಣಮಿಸಿದ ಈ ಸಂಗತಿಯಲ್ಲಿ ನಮ್ಮ ತರಗತಿಯ ತಪ್ಪೂ ಬಯಲಾಗುತ್ತದೆ. ತಯಾರಕನು ರೂಢಿಯನ್ನು ಹುಟ್ಟಿಸಲಿಲ್ಲ. ಐಸಾಕ್ಸ್ ಬಿಗ್ಸ್‌ಬಿಯಿಂದ ಮಾಡಿಸಿಕೊಂಡನು. ೧೯೫೭ರಲ್ಲಿ ಷಾಟ್ ಜಾಕ್ಸನ್ನನೊಡನೆ ಷೋ-ಬಡ್ ಸಂಸ್ಥೆಯನ್ನು ಆರಂಭಿಸಿದ ಎಮನ್ಸ್ ತಾನೇ ವಾದಕ. ಹೊಸತು ವಾದಕನಿಂದ ತಯಾರಕನಿಗೆ ಹೋಗುತ್ತದೆ. ಅಲ್ಲಿಂದ ಕಲಿಯುವವನಿಗೆ ಬರುವಾಗ ಮಾತ್ರ ಅದು ಕಟ್ಟಳೆಯ ರೂಪ ತಾಳುತ್ತದೆ.

ಕಟ್ಟಳೆಯ ಹೊರಗೆ ಉಳಿದವರೂ ಇದ್ದಾರೆ. ‘ಹೌಸ್ ಆಫ್ ಗಾಡ್’ ಎಂಬ ಆಫ್ರಿಕನ್ ಅಮೆರಿಕನ್ ಕ್ರೈಸ್ತ ಪಂಥದ ದೇವಾಲಯಗಳಲ್ಲಿ ೧೯೩೦ರ ದಶಕದಿಂದ ಟ್ರೋಮನ್ ಮತ್ತು ವಿಲಿ ಈಸನ್ ಸಹೋದರರ ಮೂಲಕ ಸ್ಟೀಲ್ ಗಿಟಾರು ಆರಾಧನೆಯ ಅಂಗವಾಯಿತು. ಹಾಡುವವರ ಕೊರಳನ್ನು ತಂತಿಯ ಮೇಲೆ ತರುವುದು ಅವರ ಗುರಿ. ೧೯೯೭ರಲ್ಲಿ ಅರ್ಹೂಲಿ ಸಂಸ್ಥೆಯ ಮುದ್ರಿಕೆ ಬರುವ ತನಕ ಹೊರಗಿನವರು ಈ ಪರಂಪರೆಯನ್ನು ಹೆಚ್ಚಾಗಿ ಅರಿಯರು. ಕಂಟ್ರಿಯೋ ಜಾಸೋ ಎಂದು ಕೇಳುವ ಕೈಪಿಡಿಯ ಪ್ರಶ್ನೆಗೆ ಇವರು ಯಾವ ಉತ್ತರ ಕೊಡಬೇಕು? ಪ್ರಶ್ನೆಯೇ ಇವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನು ಸಾರ್ವತ್ರಿಕ ಶ್ರುತಿಯ ವಿಚಾರ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನೇರವಾದ ಉತ್ತರ ಇಲ್ಲಿದೆ. ಇ-೯ರಲ್ಲಿರುವ ಇ ತಂತಿಗಳನ್ನು ಮೊಣಕಾಲಿನ ಲಿವರಿನಿಂದ ಅರ್ಧಸ್ವರ ಇಳಿಸಿದರೆ ಡಿ ಶಾರ್ಪ್ ಆಗುತ್ತದೆ. ಆಗ ತಂತಿಗಳಲ್ಲಿ ಮುಖ್ಯವಾಗಿ ಉಳಿಯುವುದು ಬಿ, ಡಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್. ಇದು ಬಿ-೬, ಎಂದರೆ ಅರ್ಧಸ್ವರ ಕೆಳಗಿಟ್ಟ ಸಿ-೬ ಅಲ್ಲದೆ ಬೇರೆಯಲ್ಲ. ಹನ್ನೆರಡು ತಂತಿಗಳನ್ನು ಹೂಡಿ, ಮಂದ್ರಕ್ಕೆ ಜಿ ಶಾರ್ಪ್, ಇ, ಬಿ ಸೇರಿಸಿದರೆ ಒಂದೇ ದಂಡಿಯಲ್ಲಿ ೩೩ ಅರ್ಧಸ್ವರಗಳ ಹರವು ಸಿದ್ಧವಾಗುತ್ತದೆ. ಗಣಿತದ ಸೊಗಸು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹೊರಲು ಒಂದು ದಂಡಿಯ ಭಾರವೂ ಕಡಮೆ. ಆದರೆ ಲೆಕ್ಕಕ್ಕೆ ಬಾರದ ಕೆಲವು ನಷ್ಟಗಳುಂಟು. ಇ-೯ರ ಒಂಬತ್ತನೆಯ ತಂತಿಯಾದ ಡಿ ಇಲ್ಲಿ ತೆರೆದ ತಂತಿಯಾಗಿ ಉಳಿಯುವುದಿಲ್ಲ; ಬಿ ತಂತಿಯನ್ನು ಲಿವರಿನಿಂದ ಮೂರು ಅರ್ಧಸ್ವರ ಏರಿಸಿ ಪಡೆಯಬೇಕು. ಷಷ್ಠಶ್ರುತಿಯಲ್ಲಿರುವಷ್ಟು ಹೊತ್ತೂ ಒಂದು ಮೊಣಕಾಲು ಅಥವಾ ಒಂದು ಬೀಗ ದುಡಿಯುತ್ತಿರಬೇಕು. ಸ್ವರಶುದ್ಧಿಯ ಪ್ರಶ್ನೆಯೂ ಇದೆ: ಶುದ್ಧವಾದ ಮೇಜರ್ ತೃತೀಯವು ಪಿಯಾನೋವಿನ ತೃತೀಯಕ್ಕಿಂತ ಸುಮಾರು ೧೪ ಸೆಂಟು (ಅರ್ಧಸ್ವರದ ನೂರರಲ್ಲಿ ಹದಿನಾಲ್ಕು ಪಾಲು) ಕೆಳಗಿರುವುದರಿಂದ, ಅನೇಕ ವಾದಕರು ತೃತೀಯವಾಗುವ ತಂತಿಯನ್ನು ತುಸು ಇಳಿಸಿಯೇ ಕೂಡಿಸುತ್ತಾರೆ. ಅದೇ ತಂತಿ ಬೇರೊಂದು ಗುಚ್ಛದಲ್ಲಿ ಬೇರೆ ಸ್ಥಾನದಲ್ಲಿ ನಿಲ್ಲಬೇಕಾದಾಗ ಕಿವಿ ಮುನಿಯುತ್ತದೆ. ಒಂದು ತಂತಿಯಿಂದ ಹೆಚ್ಚು ಪಾತ್ರಗಳನ್ನು ಮಾಡಿಸಿದಷ್ಟೂ ಹೊಂದಾಣಿಕೆ ಹೆಚ್ಚುತ್ತದೆ.

ಇವೆಲ್ಲ ಪರಿಹರಿಸಬಹುದಾದ ತೊಡಕುಗಳೇ. ಸಾರ್ವತ್ರಿಕ ಶ್ರುತಿಯಲ್ಲಿ ಸಾಧನೆ ಮಾಡಿದವರು ಪರಿಹರಿಸಿಯೂ ಇದ್ದಾರೆ. ನಮ್ಮ ಸಂದೇಹ ಬೇರೆ ಕಡೆಗಿದೆ. ಜೋಡಿ ದಂಡಿಯ ವಾದ್ಯದಲ್ಲಿ ಕೈ ಒಂದು ದಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ವಾದಕನು ಒಂದು ಪರಂಪರೆಯಿಂದ ಇನ್ನೊಂದಕ್ಕೆ ಹೋಗುತ್ತಾನೆ. ಆ ಅಂತರವನ್ನು ಲಿವರೊಂದು ಅಳಿಸಿಹಾಕಿದಾಗ, ಷಷ್ಠಶ್ರುತಿಯು ಇ-೯ರ ಒಂದು ಸೌಕರ್ಯವಾಗಿ ಕಾಣತೊಡಗಬಹುದು. ವಾಸ್ತವವಾಗಿ ಪೆಡಲಿಗಿಂತ ಮೊದಲೇ ಬಂದುದು ಅದು. ಬರ್ಡ್ ಕೊನೆಯವರೆಗೂ ಪೆಡಲನ್ನು ಒಪ್ಪಲಿಲ್ಲ. ೧೯೭೦ರ ದಶಕದಲ್ಲಿ ಹವಾಯಿಗೆ ಹೋಗಿ ನೆಲೆಸಿ, ೨೦೦೫ರಲ್ಲಿ ತೀರಿಕೊಳ್ಳುವತನಕ ಅಲ್ಲಿಯವರಿಗೇ ಆ ವಿದ್ಯೆಯನ್ನು ಕಲಿಸುತ್ತ ಉಳಿದನು. ಅವನ ಮುದ್ರಿಕೆಗಳನ್ನು ಇ-೯ರಲ್ಲಿ ಪಳಗಿದ ಕಿವಿಯಿಂದ ಕೇಳಿದರೆ ಅಲ್ಲಿ ಏನೋ ಕೊರತೆಯಿದ್ದಂತೆ ತೋರುತ್ತದೆ. ಪೆಡಲು ಮಾಡಬೇಕಾದುದನ್ನು ಓರೆ ಹಿಡಿದ ಸಲಾಕೆ ಮಾಡುತ್ತಿದೆಯೆಂಬುದು ಗಮನಕ್ಕೇ ಬರುವುದಿಲ್ಲ.

ಹಾಗಾದರೆ ಕಲಿಯುವವನು ಯಾವುದನ್ನು ಆರಿಸಬೇಕು? ಬೇರೆಯವರೊಡನೆ ಕೂಡಿ ನುಡಿಸಿ ಬದುಕು ಸಾಗಿಸಬೇಕಾದವನಿಗೆ ಇ-೯ ಅನಿವಾರ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಪಾಠ, ಪುಸ್ತಕ, ಕೆಲಸ ಎಲ್ಲವೂ ಅಲ್ಲಿ ಹೆಚ್ಚು. ಆದರೆ ಅವನು ಮೊದಲ ವರ್ಷವನ್ನು ಪೆಡಲಿಲ್ಲದ ಆರೋ ಎಂಟೋ ತಂತಿಯ ಸಿ-೬ರಲ್ಲಿ ಕಳೆದರೆ, ಪೆಡಲು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿತೆಂಬುದು ಅವನ ಕೈಗೇ ತಿಳಿಯುತ್ತದೆ. ಸಾರ್ವತ್ರಿಕವನ್ನು ಆಮೇಲೆ ಯೋಚಿಸಬಹುದು. ಇದು ವಾದಕನಲ್ಲದವನ ಸಲಹೆಯಾದುದರಿಂದ ವಾಚಕರು ಅದಕ್ಕೆ ತಕ್ಕಷ್ಟೇ ಬೆಲೆ ಕೊಡಬೇಕು.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಪೆಡಲಿನ ವಾದ್ಯ ಸಿಕ್ಕಲಿಲ್ಲ. ಅದರ ಬೆಲೆ ಕೇಳಿದ ಮೇಲೆ ಆಸೆಯನ್ನೂ ಬಿಟ್ಟನು. ನಮ್ಮ ಹಳೆಯ ಹವಾಯಿ ಗಿಟಾರನ್ನು ಒಯ್ದು ಸಿ-೬ಕ್ಕೆ ಕೂಡಿಸಿಕೊಂಡಿದ್ದಾನೆ. ಕೆಲವು ವಾರಗಳ ಹಿಂದೆ ಮನೆಗೆ ಬಂದವನು ಅತಿ ಕೆಳಗಿನ ಸಿ ತಂತಿಯ ಬಿರಡೆಯನ್ನು ತುಸು ತಿರುಗಿಸಿ ಸಿ ಶಾರ್ಪ್‌ಗೆ ಏರಿಸಿ ತೋರಿಸಿದನು. ಕೆಳಗಿನ ನಾಲ್ಕು ತಂತಿಗಳು ಎ ಸಪ್ತಮಗುಚ್ಛವಾದುವು. ಬರ್ಡ್ ಬಳಸುತ್ತಿದ್ದ ಉಪಾಯವೇ ಅದು. ಹುಡುಗನಿಗೆ ತಾನಾಗಿ ಹೊಳೆದಿತ್ತು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಬಿರಡೆಯನ್ನು ಹೀಗೆ ತಿರುಗಿಸಿ ತಿರುಗಿಸಿ ಸಾಕಾಗಿದೆಯೆಂದೂ, ಅದಕ್ಕೊಂದು ತಂತಿ ಕಟ್ಟಿ ಕಾಲಿನಿಂದ ಎಳೆಯುವಂತೆ ಮಾಡಿದರೆ ಗಿಟಾರಿನ ಮರ ತಡೆದೀತೇ ಎಂದೂ ಅವನು ಕೇಳಿದನು.